ಮನೆಯ ಬಿಸಿನೀರಿನ ಯಂತ್ರ: ಕೂಡಿಸುವಾಗಿನ ಎಚ್ಚರ, ಕೆಟ್ಟರೆ ಉಪಾಯ

ಸೋಯಾ ಅವರೆಯ ರಾಶಿ ಮುಗಿದು, ಮಾಲು ಬಾಜಾರಕ್ಕೆ ಹೋಗಿ, ನಾಲ್ಕು ದುಡ್ಡು ಕೈಗೆ ಬರುವ ಹೊತ್ತಿಗೆ ನಮ್ಮ ಬೀದರ ಜಿಲ್ಲೆಯಲ್ಲಿ ಥಂಡಿಯೂ ಬಂದು ನಿಲ್ಲುತ್ತದೆ. ಮನೆಯಲ್ಲಿ ವಯಸ್ಸಾದವರು ಇರುತ್ತಾರೆ, ಸಾಲೆಗೆ ಹೋಗುವ ಮಕ್ಕಳು ಇರುತ್ತಾರೆ. ಮುಂಜಾನೆ ಜಳಕಕ್ಕೆ ಬಿಸಿನೀರು ಬೇಕು. "ಈ ವರ್ಷ ಒಂದು ಸೋಲಾರ್ ಕೂಡಿಸಿಬಿಡೋಣ್ರಿ, ಒಲಿ ಮುಂದ ಹೊಗಿ ಕುಡಿಯೋದು ಸಾಕಾಗ್ಯಾದ" ಎಂದು ಮನೆಯಾಕೆ ಅನ್ನುತ್ತಾಳೆ. ಅದು ನ್ಯಾಯವಾದ ಮಾತೇ ಹೌದು. ಯಜಮಾನರು ಭಾಲ್ಕಿಗೋ ಬೀದರಿಗೋ ಹೋಗುತ್ತಾರೆ. ಔರಾದ ಕಡೆಯವರಾದರೆ ಉದಗೀರ, ದೇಗಲೂರಿಗೂ ಹೋಗುವುದುಂಟು. ಅಂತೂ ಯಂತ್ರ ಮನೆಗೆ ಬರುತ್ತದೆ. ಇಬ್ಬರು ಹುಡುಗರು ಬಂದು ಒಂದೆರಡು ತಾಸಿನಲ್ಲಿ ಕೂಡಿಸಿ, ಚಹಾ ಕುಡಿದು, ಪೂರಾ ಹಣ ಎಣಿಸಿಕೊಂಡು ಹೋಗುತ್ತಾರೆ.

ಹದಿನೈದು ದಿನ ಕಳೆಯುವುದರೊಳಗೆ ಒಂದು ಮನೆಯಲ್ಲಿ ನೀರು ಉಗುರು ಬೆಚ್ಚಗೆ ಮಾತ್ರ ಬರುತ್ತದೆ. ಇನ್ನೊಂದು ಮನೆಯಲ್ಲಿ ಮಾಳಿಗೆ ಸೋರುತ್ತದೆ. ಮತ್ತೊಂದು ಮನೆಯಲ್ಲಿ ನಳ ಮುಟ್ಟಿದರೆ ಕೈ ಜುಂ ಎನ್ನುತ್ತದೆ. ಫೋನು ಹಚ್ಚಿದರೆ "ನಾಳಿ ಬರ್ತೀನ್ರಿ ಕಾಕಾ" ಎಂಬ ಉತ್ತರ. ಆ ನಾಳೆ ಬರುವುದೇ ಇಲ್ಲ. ಅಂಗಡಿಯವರು ಕಂಪನಿಯ ಕಡೆಗೆ ಬೆರಳು ತೋರಿಸುತ್ತಾರೆ, ಕಂಪನಿಯವರು ಕೂಡಿಸಿದ ಮಿಸ್ತ್ರಿಯ ಕಡೆಗೆ ತೋರಿಸುತ್ತಾರೆ, ಮಿಸ್ತ್ರಿ ನಿಮ್ಮ ಬೋರಿನ ನೀರೇ ಸರಿಯಿಲ್ಲ ಎನ್ನುತ್ತಾನೆ. ಮೂವರ ನಡುವೆ ರೈತನ ದುಡ್ಡು ಸಿಕ್ಕಿಬೀಳುತ್ತದೆ.

ಇಂಥ ಪ್ರಸಂಗದಲ್ಲಿ ಏನು ಮಾಡಬೇಕು, ಇಂಥ ಪ್ರಸಂಗವೇ ಬಾರದಂತೆ ಏನು ಮಾಡಬೇಕು ಎಂಬುದನ್ನು ಇಂದು ವಿಚಾರ ಮಾಡೋಣ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನೀರು ಕಾಯಿಸುವ ಯಂತ್ರದಲ್ಲಿ ಯಂತ್ರ ಎಷ್ಟು ಮುಖ್ಯವೋ ಅದನ್ನು ಕೂಡಿಸುವ ಕೆಲಸವೂ ಅಷ್ಟೇ ಮುಖ್ಯ. ಒಳ್ಳೆಯ ಬೀಜವನ್ನು ಆಳ ಹೆಚ್ಚು ಮಾಡಿ ಬಿತ್ತಿದರೆ ಮೊಳಕೆ ಮೇಲೆ ಬರುವುದಿಲ್ಲ. ಆಗ ಬೀಜವನ್ನು ಬಯ್ದು ಫಲವಿಲ್ಲ. ಇದೂ ಹಾಗೆಯೇ. ಇನ್ನೊಂದು ಮಾತು: ಕಾಯುವ ನೀರಿಗೆ ಉಸಿರು ಬೇಕು. ಆ ಉಸಿರಿನ ದಾರಿಯನ್ನು ಮುಚ್ಚುವುದೇ ಎಲ್ಲಕ್ಕಿಂತ ಕೆಟ್ಟ ಜೋಡಣೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀರು ಕಾದಂತೆ ಹಿಗ್ಗುತ್ತದೆ. 25 ಲೀಟರಿನ ಗೀಸರಿನಲ್ಲಿ 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ಕಾಯಿಸಿದರೆ ಅದು ಕಾಲು ಲೀಟರಿಗೂ ಮಿಕ್ಕಿ ಹಿಗ್ಗುತ್ತದೆ. ಆ ಹೆಚ್ಚಿನ ನೀರಿಗೆ ಎಲ್ಲಿಯಾದರೂ ಜಾಗ ಬೇಕಷ್ಟೆ. ನೀರು ಕುದಿದು ಹಬೆಯಾದರಂತೂ ಒಂದು ಲೀಟರು ನೀರು ಸುಮಾರು 1,600 ಲೀಟರು ಹಬೆಯಾಗುತ್ತದೆ. ಬಾಯಿ ಮುಚ್ಚಿದ ಪಾತ್ರೆಯಲ್ಲಿ ಇದು ನಡೆದರೆ ಪಾತ್ರೆ ಸಿಡಿಯದೆ ಗತ್ಯಂತರವಿಲ್ಲ. ಕುಕ್ಕರಿನ ಮೇಲೆ ಸೀಟಿ ಯಾಕೆ ಇಟ್ಟಿದ್ದಾರೆ ಎಂಬುದು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಿಂದಿನಿಂದ ಬಂದ ತಾಮ್ರದ ಬಂಬವನ್ನೇ ನೋಡಿರಿ. ನಡುವೆ ಉರಿ ಹೋಗುವ ಕೊಳವೆ, ಸುತ್ತಲೂ ನೀರು, ಮೇಲೆ ನೀರು ಸುರಿಯುವ ತೆರೆದ ಬಾಯಿ, ಕೆಳಗೆ ನಳ. ತೊಗರಿ ಕಟ್ಟಿಗೆಯ ಎರಡು ಹಿಡಿ ಹಾಕಿದರೆ ಮನೆಮಂದಿಯ ಜಳಕವಾಗುತ್ತಿತ್ತು. ಬಾಯಿ ತೆರೆದಿದ್ದುದರಿಂದ ಅಪಾಯ ಕಡಿಮೆ. ಈಗ ಕೆಲವರು ಮಾಳಿಗೆಯ ಟಾಕಿಯಿಂದ ನೇರವಾಗಿ ಬಂಬಕ್ಕೆ ಪೈಪು ಕೊಟ್ಟು, ಮೇಲಿನ ಬಾಯಿಯನ್ನು ಬೆಸುಗೆ ಹಾಕಿಸಿ, ಹೋಗುವ ಕಡೆ ಒಂದು ನಳ, ಬರುವ ಕಡೆ ಒಂದು ನಳ ಹಚ್ಚಿಸುತ್ತಾರೆ. ನೀರು ಸುರಿಯುವ ಕೆಲಸ ತಪ್ಪಿತು ಎಂದು ಸಂತೋಷಪಡುತ್ತಾರೆ. ಎರಡೂ ನಳ ಮುಚ್ಚಿದ್ದಾಗ ಕೆಳಗೆ ಉರಿ ಹಾಕಿದರೆ ಅದು ಬಂಬವಾಗಿ ಉಳಿಯುವುದಿಲ್ಲ, ಬಾಂಬೇ ಆಗುತ್ತದೆ. ಇಂಥ ಜೋಡಣೆ ಯಾರ ಮನೆಯಲ್ಲಿದ್ದರೂ ಇಂದೇ ಬಿಚ್ಚಿಸತಕ್ಕದ್ದು. ಬಂಬದ ಮೇಲಿನ ಬಾಯಿಗೆ ತೆರೆದ ಪೈಪು ಒಂದು ಇರಲೇಬೇಕು. ಅದಕ್ಕೆ ನಳವಾಗಲಿ ಬಿರಡೆಯಾಗಲಿ ಇರಕೂಡದು. ನೀರು ತುಂಬದೆ ಉರಿ ಹಾಕಲೂ ಕೂಡದು. ಬರಿದಾಗಿ ಕಾದ ಬಂಬಕ್ಕೆ ತಣ್ಣೀರು ಸುರಿಯಲೂ ಕೂಡದು.

ಇನ್ನು ಸೋಲಾರ್ ಯಂತ್ರಕ್ಕೆ ಬರೋಣ. ಬೀದರ ಪಟ್ಟಣದ ನೌಬಾದಿನ ಸುರಂಗ ಬಾವಿಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 15ನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಜಂಬಿಟ್ಟಿಗೆ ಕಲ್ಲಿನ ನೆಲದೊಳಗೆ ಕೊರೆದ ನೀರಿನ ಹಾದಿ ಅದು. ಯಾವ ಪಂಪೂ ಇಲ್ಲದೆ ಬರಿಯ ವಾಟದಿಂದ ನೀರು ಹರಿದು ಬರುವಂತೆ ಮಾಡಿದ್ದರು. ಅಲ್ಲಲ್ಲಿ ಮೇಲಕ್ಕೆ ಗಾಳಿಕಿಂಡಿಯಂತೆ ಬಾವಿಗಳನ್ನು ತೆಗೆದಿದ್ದರು. ವಾಟ ಮತ್ತು ಗಾಳಿ, ಇವೆರಡನ್ನೂ ಅವರು ಬಲ್ಲವರಾಗಿದ್ದರು. ನಿಮ್ಮ ಮಾಳಿಗೆಯ ಸೋಲಾರಿಗೂ ಇವೆರಡೇ ಜೀವ.

ಸೋಲಾರಿನಲ್ಲಿ ನೀರು ತಾನಾಗಿಯೇ ತಿರುಗುತ್ತದೆ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ. ತಾಮ್ರದ ಕೊಳವೆಗಳಿರುವ ಚಪ್ಪಟೆ ಹಲಗೆಯ ಬಗೆಯಾದರೆ ಬಿಸಿನೀರಿನ ಟಾಕಿಯ ತಳವು ಹಲಗೆಯ ಮೇಲಂಚಿಗಿಂತ ಸುಮಾರು ಒಂದು ಅಡಿ ಎತ್ತರದಲ್ಲಿರಬೇಕು. ಟಾಕಿ ತಗ್ಗಿನಲ್ಲಿದ್ದರೆ ಹಗಲು ಕಾದ ನೀರು ರಾತ್ರಿ ಹಿಂದಕ್ಕೆ ಹರಿದು ಹಲಗೆಯಲ್ಲಿ ಆರಿಹೋಗುತ್ತದೆ. "ಸಂಜೀಕ ಬಿಸಿ ಇರ್ತದ, ಮುಂಜಾನಿಗಿ ತಣ್ಣಗ ಆಗ್ತದ" ಎನ್ನುವವರು ಮೊದಲು ಇದನ್ನೇ ಅಳೆದು ನೋಡಬೇಕು. ಗಾಜಿನ ಕೊಳವೆಯ ಬಗೆಯಲ್ಲಿ ಕೊಳವೆಗಳು ಟಾಕಿಗೇ ಸೇರಿಕೊಂಡಿರುವುದರಿಂದ ಈ ಅಳತೆಯ ಪ್ರಶ್ನೆ ಬರುವುದಿಲ್ಲ.

ಹಲಗೆ ತೆಂಕಣ ದಿಕ್ಕಿಗೆ ಮುಖ ಮಾಡಿರಬೇಕು. ನಮ್ಮ ಜಿಲ್ಲೆ ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಬರದೆ ತೆಂಕಣಕ್ಕೆ 41 ಡಿಗ್ರಿಯಷ್ಟು ವಾಲಿರುತ್ತಾನೆ. ಬಿಸಿನೀರು ಹೆಚ್ಚು ಬೇಕಾಗುವುದು ಅದೇ ಥಂಡಿಯ ದಿನಗಳಲ್ಲಿ. ಆದುದರಿಂದ ಹಲಗೆಯನ್ನು 28ರಿಂದ 30 ಡಿಗ್ರಿ ಓರೆಯಾಗಿ ನಿಲ್ಲಿಸುವುದು ವಾಡಿಕೆ. ಇದನ್ನು ಅಳೆಯಲು ಉಪಕರಣ ಬೇಡ. ಹಲಗೆಯ ಉದ್ದ ಎರಡು ಮೀಟರಾದರೆ ಅದರ ಮೇಲ್ತುದಿ ಕೆಳತುದಿಗಿಂತ ಹತ್ತಿರ ಹತ್ತಿರ ಒಂದು ಮೀಟರು ಎತ್ತರದಲ್ಲಿರಬೇಕು; ಅಂದರೆ ಉದ್ದದ ಅರ್ಧ. ಒಂದು ದಾರ, ಒಂದು ಟೇಪು ಸಾಕು. ಬೇಸಿಗೆಯಲ್ಲಿ ನೋಡಿದಾಗ ಇಲ್ಲದ ನೆರಳು ಚಳಿಗಾಲದಲ್ಲಿ ಬೀಳುತ್ತದೆ ಎಂಬುದನ್ನೂ ಮರೆಯಬಾರದು. ತೆಂಕಣ ಬದಿಯ ಬೇವಿನ ಮರ, ನೀರಿನ ಟಾಕಿ, ನೆರೆಮನೆಯ ಗೋಡೆ, ಇವುಗಳ ನೆರಳು ಮುಂಜಾನೆ 9ರಿಂದ ಮಧ್ಯಾಹ್ನ 3ರವರೆಗೆ ಹಲಗೆಯ ಮೇಲೆ ಬೀಳಕೂಡದು.

ಪೈಪುಗಳಿಗೆ ಏರುವಾಟ ಬೇಕು. ನಡುವೆ ಎಲ್ಲಿಯೂ ಒಂಟೆಯ ಬೆನ್ನಿನಂತೆ ಉಬ್ಬಿರಬಾರದು. ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಂಡರೆ ನೀರು ನಿಂತುಬಿಡುತ್ತದೆ. ಟಾಕಿಯ ಮೇಲಿನಿಂದ ಒಂದು ಗಾಳಿ ಪೈಪು ಎದ್ದು ನಿಂತಿರುತ್ತದೆ. ಅದರ ಬಾಯಿ ತಣ್ಣೀರಿನ ಟಾಕಿಯ ತುಂಬಿದ ಮಟ್ಟಕ್ಕಿಂತ ಮೇಲಿರಬೇಕು. ತಗ್ಗಿನಲ್ಲಿದ್ದರೆ ಅದರಿಂದ ನೀರು ಚೆಲ್ಲುತ್ತದೆ. ಚೆಲ್ಲುತ್ತದೆಂದು ಕೆಲವು ಮಿಸ್ತ್ರಿಗಳು ಅದರ ಬಾಯಿಗೆ ಬಿರಡೆ ಬಡಿದು "ಆಯ್ತು ನೋಡ್ರಿ" ಎಂದು ಹೋಗುತ್ತಾರೆ. ಇದು ಮೂಗು ಸೋರುತ್ತದೆಂದು ಮೂಗನ್ನೇ ಹೊಲಿದಂತೆ. ಪೈಪನ್ನು ಎತ್ತರಿಸುವುದೇ ಸರಿಯಾದ ಉಪಾಯ, ಮುಚ್ಚುವುದು ಅಪಾಯ.

ಭಾರದ ಮಾತೂ ಉಂಟು. 200 ಲೀಟರಿನ ಟಾಕಿ ತುಂಬಿದರೆ ನೀರೇ 200 ಕಿಲೋ ತೂಗುತ್ತದೆ, ಕಬ್ಬಿಣದ ಲೆಕ್ಕ ಬೇರೆ. ಪತ್ರಾಸಿನ ಚಾವಣಿಯ ಮೇಲಾಗಲಿ, ಹಳೆಯ ಮಣ್ಣಿನ ಮಾಳಿಗೆಯ ಮೇಲಾಗಲಿ ಇದನ್ನು ಇಡಕೂಡದು. ಬೇರೆ ಕಂಬ ಕಟ್ಟಿ ನಿಲ್ಲಿಸಬೇಕು. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಹಾರಿಹೋಗದಂತೆ ಕಾಲುಗಳನ್ನು ಬೋಲ್ಟು ಹಾಕಿ ಬಿಗಿಯಬೇಕು. ಕೊರೆದ ತೂತಿನ ಸುತ್ತ ಸಿಮೆಂಟು ಗಿಲಾವು ಮಾಡದಿದ್ದರೆ ಮಳೆಗಾಲದಲ್ಲಿ ಮಾಳಿಗೆ ಸೋರುತ್ತದೆ.

ನೀರಿನ ಗುಣವನ್ನೂ ನೋಡಬೇಕು. ಕೊಳವೆಬಾವಿಯ ನೀರು ಗಡಸಾಗಿದ್ದರೆ ಕಾದಾಗ ಸುಣ್ಣ ಬಿಟ್ಟು ಕೊಳವೆಯೊಳಗೆ ಹಳಕು ಕಟ್ಟುತ್ತದೆ. ಸಾಬೂನು ನೊರೆ ಕೊಡದಿದ್ದರೆ, ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರು ಕಂಡರೆ ನೀರು ಗಡಸೆಂದು ತಿಳಿಯಿರಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಲೇಸು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯಬಹುದು ಎಂದಿದೆ. ನಿಮ್ಮ ನೀರನ್ನು ಪರೀಕ್ಷೆ ಮಾಡಿಸಿ, ಆ ಅಂಕಿಯನ್ನು ಅಂಗಡಿಯವರಿಗೆ ಕೊಳ್ಳುವ ಮುಂಚೆಯೇ ಬರೆದುಕೊಡಿರಿ. "ಈ ನೀರಿಗೆ ಯಾವ ಬಗೆ ತಾಳುತ್ತದೆ?" ಎಂದು ಕೇಳಿರಿ. ಆಮೇಲೆ ನೀರಿನ ಮೇಲೆ ತಪ್ಪು ಹೊರಿಸಲು ಅವರಿಗೆ ಅವಕಾಶ ಉಳಿಯುವುದಿಲ್ಲ.

ವಿದ್ಯುತ್ ಗೀಸರಿನ ಮಾತು ಇನ್ನೂ ಸೂಕ್ಷ್ಮ. ಅಲ್ಲಿ ನೀರು ಮತ್ತು ಕರೆಂಟು ಒಂದೇ ಪಾತ್ರೆಯಲ್ಲಿ ಸಂಸಾರ ಮಾಡುತ್ತವೆ. 2,000 ವಾಟಿನ ಗೀಸರು ಸುಮಾರು 9 ಆಂಪಿಯರು ಎಳೆಯುತ್ತದೆ. ಅದಕ್ಕೆ ದಪ್ಪ ತಂತಿ, 16 ಆಂಪಿಯರಿನ ಬೇರೆ ಪಾಯಿಂಟು ಬೇಕು. ಫೋನು ಚಾರ್ಜು ಮಾಡುವ ಸಣ್ಣ ಪಾಯಿಂಟಿಗೆ ಹಚ್ಚಿದರೆ ತಂತಿ ಕಾದು ಕರಗುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಗೀಸರು ಕೂಡಿಸಲೇಕೂಡದು. ಪ್ಲಗ್ಗಿನಲ್ಲಿ ಮೂರು ಮುಳ್ಳು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಅಂಗಳದಲ್ಲಿ ಕುಣಿ ತೋಡಿ ಪೈಪು ಹೂತು ಅದಕ್ಕೆ ತಂತಿ ಜೋಡಿಸಿದ್ದಾರೋ ಇಲ್ಲವೋ ಕಣ್ಣಾರೆ ನೋಡಬೇಕು. ಕರೆಂಟು ಸೋರಿದೊಡನೆ ತಾನಾಗಿ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನು ಹಾಕಿಸಿರಿ. ಅದರ ಬೆಲೆ ಒಂದು ಜೀವದ ಮುಂದೆ ಏನೇನೂ ಅಲ್ಲ. ಗೀಸರಿನ ಕೆಳಗೆ ಇರುವ ಸುರಕ್ಷಾ ವಾಲ್ವಿನಿಂದ ನೀರು ಕಾಯುವಾಗ ಹನಿಹನಿ ತೊಟ್ಟಿಕ್ಕುವುದು ಸಹಜ. ನಾನು ಮೊದಲು ಹೇಳಿದ ಹಿಗ್ಗಿದ ನೀರು ಅದು. ಅದನ್ನೂ ಬಿರಡೆ ಹಾಕಿ ಮುಚ್ಚಬಾರದು. ಯಾವಾಗಲೂ ಧಾರೆಯಾಗಿ ಸುರಿಯುತ್ತಿದ್ದರೆ ಮಾತ್ರ ತೋರಿಸಬೇಕು.

ಗ್ಯಾಸ್ ಗೀಸರಿನಲ್ಲಿ ಉಸಿರು ನೀರಿಗಲ್ಲ, ಮನುಷ್ಯನಿಗೆ ಬೇಕು. ಉರಿಗೆ ಗಾಳಿ ಸಾಲದಾದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕದ ಹಾಕಿದ ಸಣ್ಣ ಬಚ್ಚಲಲ್ಲಿ ಜಳಕ ಮಾಡುವವರು ತಲೆ ತಿರುಗಿ ಬಿದ್ದು, ಕೂಗಲೂ ಆಗದೆ ಪ್ರಾಣ ಬಿಟ್ಟ ಸುದ್ದಿಗಳನ್ನು ನೀವೂ ಓದಿದ್ದೀರಿ. ಗ್ಯಾಸ್ ಗೀಸರನ್ನು ಬಚ್ಚಲ ಮನೆಯ ಒಳಗೆ ಕೂಡಿಸಕೂಡದು. ಹೊರಗೆ ಗಾಳಿಯಾಡುವ ಕಡೆ ಕೂಡಿಸಿ, ಬಿಸಿನೀರನ್ನು ಪೈಪಿನಿಂದ ಒಳಕ್ಕೆ ತರಬೇಕು. ಒಳಗೆ ಕೂಡಿಸಿ ಹೋಗಿದ್ದರೆ ತೆಗೆಸುವ ತನಕ ಅದನ್ನು ಹಚ್ಚಲೇಬೇಡಿರಿ. ಯಾರಾದರೂ ಬಿದ್ದರೆ ಮೊದಲು ಹೊರಗಿನ ಗಾಳಿಗೆ ತಂದು 108ಕ್ಕೆ ಕರೆ ಮಾಡಿರಿ.

ಇಷ್ಟು ತಿಳಿದ ಮೇಲೆ ಮೂಲ ಪ್ರಶ್ನೆಗೆ ಬರೋಣ. ಕೆಲಸ ಕೆಟ್ಟಿತು, ಬಂದು ನೋಡುವವರು ಇಲ್ಲ. ಈಗೇನು ಮಾಡಬೇಕು?

ಮೊದಲನೆಯದು, ಅಪಾಯವನ್ನು ನಿಲ್ಲಿಸಿರಿ. ನಳದಲ್ಲಿ ಕರೆಂಟು ಬಂದರೆ ಮೇನ್ ಸ್ವಿಚ್ಚು ತೆಗೆಯಿರಿ. "ಸ್ವಲ್ಪೇ ಶಾಕ್ ಹೊಡೀತದ, ನಡೀತದ" ಎನ್ನುವ ಮಾತು ಬೇಡ. ಇಂದು ಸ್ವಲ್ಪ ಹೊಡೆದದ್ದು ನಾಳೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಮಗುವಿಗೆ ಪೂರಾ ಹೊಡೆಯಬಹುದು. ದೂರು ಗೆಲ್ಲುವುದಕ್ಕಿಂತ ಮೊದಲು ಮನೆಮಂದಿ ಉಳಿಯಬೇಕು. ಅಲ್ಲಿಯವರೆಗೆ ಹಂಡೆಯ ನೀರೇ ಇರಲಿ.

ಎರಡನೆಯದು, ಯಂತ್ರವನ್ನು ಬಿಚ್ಚಿ ಹಾಕಬೇಡಿರಿ, ಬೇರೆ ಕೈಯಿಂದ ಅರೆಬರೆ ರಿಪೇರಿ ಮಾಡಿಸಬೇಡಿರಿ. ಮಾಡಿಸಿದರೆ "ನೀವೇ ಕೈ ಹಚ್ಚಿ ಕೆಡಿಸಿದ್ದೀರಿ" ಎಂಬ ಮಾತಿಗೆ ಎಡೆಯಾಗುತ್ತದೆ. ಇದ್ದದ್ದು ಇದ್ದ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹಲಗೆಯ ಓರೆ, ಟಾಕಿಯ ಎತ್ತರ, ಸೋರುವ ಜಾಗ, ಯಂತ್ರದ ಮೇಲಿನ ನಂಬರು, ಎಲ್ಲವೂ ಬರಲಿ. ಅಪಾಯದ ದೆಸೆಯಿಂದ ಬಿಚ್ಚಲೇಬೇಕಾದರೆ ಬಿಚ್ಚುವ ಮುಂಚೆ ಫೋಟೋ ತೆಗೆದು, ಅಂಗಡಿಯವರಿಗೆ ತಿಳಿಸಿ ಬಿಚ್ಚಿಸಿರಿ. ಬಲ್ಲ ಇನ್ನೊಬ್ಬ ಮಿಸ್ತ್ರಿಯನ್ನು ಅಥವಾ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರನನ್ನು ಕರೆತಂದು, ದೋಷ ಏನೆಂದು ನಾಲ್ಕು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿರಿ.

ಮೂರನೆಯದು, ಒಂದು ವಹಿಯಲ್ಲಿ ತಾರೀಖು ಹಾಕಿ ಬರೆಯುತ್ತ ಹೋಗಿರಿ. ಯಂತ್ರ ಕೂಡಿಸಿದ ದಿನ, ಕೆಟ್ಟ ದಿನ, ಫೋನು ಮಾಡಿದ ದಿನ, ಅವರು ಕೊಟ್ಟ ಉತ್ತರ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ನಿಲ್ಲುತ್ತದೆ.

ನಾಲ್ಕನೆಯದು, ಅಂಗಡಿಗೂ ಕಂಪನಿಗೂ ಒಂದೇ ಪತ್ರವನ್ನು ಕಳಿಸಿರಿ. ಪತ್ರ ದೊಡ್ಡದಾಗಬೇಕಿಲ್ಲ, ಬಯ್ಗುಳವಂತೂ ಬೇಡವೇ ಬೇಡ. ಹೀಗೆ ಬರೆದರೆ ಸಾಕು:

"ಇಂಥ ತಾರೀಖಿಗೆ, ಇಂಥ ನಂಬರಿನ ಬಿಲ್ಲಿನ ಮೇಲೆ, ಇಷ್ಟು ಲೀಟರಿನ ಯಂತ್ರವನ್ನು ಇಷ್ಟು ರೂಪಾಯಿಗೆ ಕೊಂಡಿದ್ದೇನೆ. ಇಂಥ ದಿನ ನಿಮ್ಮವರು ಬಂದು ಕೂಡಿಸಿದರು. ಇಂಥ ದಿನದಿಂದ ಈ ದೋಷ ಕಂಡಿದೆ. ಇಷ್ಟು ಸಲ ಫೋನು ಮಾಡಿ ತಿಳಿಸಿದ್ದೇನೆ. ಈ ಪತ್ರ ತಲುಪಿದ 15 ದಿನದೊಳಗೆ ಜೋಡಣೆಯನ್ನು ಸರಿಪಡಿಸಬೇಕು, ಇಲ್ಲವೆ ಯಂತ್ರ ಬದಲಿಸಬೇಕು, ಅದೂ ಆಗದಿದ್ದರೆ ಹಣ ಹಿಂದಿರುಗಿಸಬೇಕು. ತಪ್ಪಿದಲ್ಲಿ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ."

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀತಿಯನ್ನೂ ತಲುಪಿದ ದಾಖಲೆಯನ್ನೂ ಪತ್ರದ ನಕಲನ್ನೂ ಜೋಪಾನವಾಗಿ ಇಟ್ಟುಕೊಳ್ಳಿರಿ. ಎಷ್ಟೋ ಜಗಳ ಈ ಪತ್ರ ಮುಟ್ಟಿದೊಡನೆ ಮುಗಿಯುತ್ತದೆ.

ಮುಗಿಯದಿದ್ದರೆ 1915 ಎಂಬ ಸಂಖ್ಯೆಗೆ ಕರೆ ಮಾಡಿರಿ. ಇದು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ, ಕನ್ನಡದಲ್ಲಿಯೂ ಮಾತನಾಡಬಹುದು. ದೂರನ್ನು ಬರೆದುಕೊಂಡು ಅವರು ಕಂಪನಿಗೆ ಮುಟ್ಟಿಸುತ್ತಾರೆ. ಅದರಿಂದಲೂ ಆಗದಿದ್ದರೆ ಬೀದರದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ.

ಆಯೋಗವೆಂದರೆ ಕೋರ್ಟು ಕಚೇರಿ, ವಕೀಲರ ಫೀಸು, ವರ್ಷಗಟ್ಟಲೆ ಅಲೆದಾಟ ಎಂದು ನಮ್ಮವರು ಅಂಜುತ್ತಾರೆ. ಅದಕ್ಕಾಗಿ ಕಾನೂನಿನ ನಾಲ್ಕು ಮಾತು ಹೇಳುತ್ತೇನೆ. ನಮ್ಮ ದೇಶದಲ್ಲಿ ಗ್ರಾಹಕರ ರಕ್ಷಣೆಯ ಮೊದಲ ಕಾಯಿದೆ 1986ರಲ್ಲಿ ಆಯಿತು. ಅದರ ಬದಲಿಗೆ 2019ರ ಕಾಯಿದೆ ಬಂದು 2020ರ ಜುಲೈನಲ್ಲಿ ಜಾರಿಯಾಯಿತು. ಈ ಕಾಯಿದೆ ಮಾರಿದ ಮಾಲಿಗೆ ಮಾತ್ರ ಅಲ್ಲ, ಹಣ ಪಡೆದು ಮಾಡಿದ ಸೇವೆಗೂ ಅನ್ವಯಿಸುತ್ತದೆ. ಕೆಟ್ಟ ಜೋಡಣೆ ಸೇವೆಯ ಕೊರತೆಯೇ ಸರಿ. "ಯಂತ್ರ ಚಲೋ ಅದ, ಕೂಡಿಸಿದ್ದಷ್ಟೇ ತಪ್ಪ್ಯಾದ" ಎಂದು ಹೇಳಿ ಯಾರೂ ಪಾರಾಗುವಂತಿಲ್ಲ.

ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಫೀಸು ಇಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವಿಲ್ಲ. ನೀವೇ ನಿಂತು ಹೇಳಿಕೊಳ್ಳಬಹುದು. ದೋಷ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಎದುರು ಪಕ್ಷದವರು ನೋಟೀಸು ಮುಟ್ಟಿದ 30 ದಿನದಲ್ಲಿ ಉತ್ತರ ಕೊಡಬೇಕು. ಆಯೋಗ ಒಪ್ಪಿದರೆ ಇನ್ನು 15 ದಿನ ಸಿಗುತ್ತದೆ. ಸಾಧ್ಯವಾದಮಟ್ಟಿಗೆ 3 ತಿಂಗಳಲ್ಲಿ, ಮಾಲನ್ನು ಪರೀಕ್ಷೆಗೆ ಕಳಿಸಬೇಕಾದರೆ 5 ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಹೇಳುತ್ತದೆ. ಕೆಲವು ಸಲ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು. ಆದುದರಿಂದಲೇ ಕಾಗದಪತ್ರ ಗಟ್ಟಿಯಾಗಿರಬೇಕು.

ಗಡಿಯಲ್ಲಿರುವ ನಮ್ಮ ಜಿಲ್ಲೆಗೆ ಇನ್ನೊಂದು ಅನುಕೂಲವನ್ನು ಈ ಕಾಯಿದೆ ಮಾಡಿಕೊಟ್ಟಿದೆ. ಹಿಂದೆ ಅಂಗಡಿ ಎಲ್ಲಿದೆಯೋ, ವ್ಯವಹಾರ ಎಲ್ಲಿ ನಡೆಯಿತೋ ಅಲ್ಲಿಗೆ ದೂರು ಒಯ್ಯಬೇಕಾಗಿತ್ತು. ಈಗ ದೂರುದಾರ ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಅಂಗಡಿ ಉದಗೀರದಲ್ಲಿರಲಿ, ಹೈದರಾಬಾದಿನಲ್ಲಿರಲಿ, ಕಂಪನಿ ಬೆಂಗಳೂರಿನಲ್ಲಿರಲಿ, ಔರಾದ ತಾಲೂಕಿನ ರೈತ ಬೀದರದ ಆಯೋಗದಲ್ಲಿಯೇ ಅವರನ್ನು ಕೇಳಬಹುದು. 2025ರ ಜನವರಿಯಿಂದ ಇ-ಜಾಗೃತಿ ಎಂಬ ಜಾಲತಾಣದ ಮೂಲಕ ದೂರು ಸಲ್ಲಿಸುವ ವ್ಯವಸ್ಥೆಯೂ ಬಂದಿದೆ. ಓದಿದ ಮಕ್ಕಳು ಮನೆಯಲ್ಲಿದ್ದರೆ ಅವರ ಕೈಯಿಂದ ಮಾಡಿಸಬಹುದು. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ವರಮಾನ ಕಡಿಮೆ ಇರುವವರು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ಪಡೆಯಬಹುದು.

ಬಿಲ್ಲಿನ ವಿಷಯ ಪ್ರತ್ಯೇಕವಾಗಿ ಹೇಳಬೇಕು. "ಬಿಲ್ ಬ್ಯಾಡ್ರಿ ಅಣ್ಣಾ, ಟ್ಯಾಕ್ಸ್ ಉಳೀತದ" ಎಂದು ಅಂಗಡಿಯವರು ಹೇಳಿದರೆ ಸೋಲಬೇಡಿರಿ. ಆಗ ಉಳಿಯುವ ದುಡ್ಡಿಗಿಂತ ಆಮೇಲೆ ಕಳೆಯುವುದು ಹೆಚ್ಚು. ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರವೆಂದು ಕಾಯಿದೆಯಲ್ಲಿದೆ. ಮಾರಿದ ಮಾಲು ವಾಪಸು ಪಡೆಯುವುದಿಲ್ಲ ಎಂದು ಹೇಳಿ ದೋಷವಿರುವ ಮಾಲನ್ನೂ ನಿರಾಕರಿಸುವಂತಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ದೋಷದ ಮಾಲನ್ನು ಹಿಂದಕ್ಕೆ ಪಡೆಯದಿರುವುದೂ ಅನುಚಿತ ವ್ಯಾಪಾರವೇ. ಈಗಾಗಲೇ ಬಿಲ್ಲಿಲ್ಲದೆ ಕೊಂಡಿದ್ದರೆ ಬ್ಯಾಂಕಿನ ಪಾಸ್‌ಬುಕ್ಕು, ಮೊಬೈಲಿನಿಂದ ಹಣ ಕಳಿಸಿದ ಗುರುತು, ವಾರಂಟಿ ಕಾರ್ಡು, ಇವನ್ನಾದರೂ ಕೂಡಿಸಿ ಇಡಿರಿ.

ಒಂದು ಸಂಕೋಚ ನಮ್ಮ ಹಳ್ಳಿಗಳಲ್ಲಿ ಉಂಟು. ಕೂಡಿಸಿದವನು ನಮ್ಮ ಊರಿನ ಹುಡುಗ, ಇಲ್ಲವೆ ಬೀಗರ ಪೈಕಿ. ಅವನ ಮೇಲೆ ದೂರು ಕೊಡುವುದು ಹೇಗೆ ಎಂದು ಸುಮ್ಮನಾಗುತ್ತೇವೆ. ಸುಮ್ಮನಾದರೆ ಅವನು ಮುಂದಿನ ಮನೆಯಲ್ಲಿಯೂ ಅದೇ ತಪ್ಪು ಮಾಡುತ್ತಾನೆ. ಅವನಿಗೆ ಕೆಲಸ ಕಲಿಸದೆ ಕಳಿಸಿದವರ ತಪ್ಪೂ ಅವನ ತಲೆಗೇ ಬರುತ್ತದೆ. ಅವನನ್ನು ಕೂಡಿಸಿಕೊಂಡು ದಾರ ಹಿಡಿದು, ಟೇಪು ಹಿಡಿದು, "ನೋಡೋ ತಮ್ಮಾ, ಇದು ಹಿಂಗ ಇರಬೇಕಿತ್ತು, ಹಂಗ ಆಗ್ಯಾದ" ಎಂದು ತೋರಿಸಿರಿ. ದೂರು ಕೆಲಸದ ಮೇಲಿರಲಿ, ಮನುಷ್ಯನ ಮೇಲೆ ಬೇಡ. ಪತ್ರ ಮಾತ್ರ ಹಣ ಪಡೆದ ಅಂಗಡಿಗೆ ಹೋಗಲಿ.

ಕಡೆಯದಾಗಿ, ಇನ್ನು ಕೊಳ್ಳಬೇಕೆಂದಿರುವವರಿಗೆ ಒಂದು ಸಲಹೆ. ಆಳಿಗೆ ಕೆಲಸ ಮುಗಿದ ಮೇಲೆ ಕೂಲಿ ಕೊಡುತ್ತೇವೆ. ಯಂತ್ರಕ್ಕೆ ಮಾತ್ರ ಕೂಡಿಸುವ ಮೊದಲೇ ಪೂರಾ ಹಣ ಕೊಟ್ಟು ಕೈ ಮುಗಿಯುತ್ತೇವೆ. ಈ ಪದ್ಧತಿ ಬಿಡಬೇಕು. ಬೆಲೆಯಲ್ಲಿ ಒಂದು ಪಾಲನ್ನು ಯಂತ್ರ ಕೂಡಿಸಿ ಎರಡು ದಿನ ನಡೆದ ಮೇಲೆ ಕೊಡುತ್ತೇನೆಂದು ಮೊದಲೇ ಮಾತಾಡಿ ಬಿಲ್ಲಿನ ಮೇಲೆ ಬರೆಸಿರಿ. ಆ ಎರಡು ದಿನದಲ್ಲಿ ಐದು ಸಂಗತಿ ನೋಡಿರಿ. ನೀರು ಮರುದಿನ ಮುಂಜಾನೆಯೂ ಬಿಸಿಯಾಗಿದೆಯೆ? ಎಲ್ಲಿಯಾದರೂ ಸೋರುತ್ತದೆಯೆ? ಗಾಳಿ ಪೈಪು, ಸುರಕ್ಷಾ ವಾಲ್ವು ತೆರೆದಿವೆಯೆ? ಅರ್ಥಿಂಗ್ ಇದೆಯೆ? ಕಾಲುಗಳು ಅಲುಗದೆ ನಿಂತಿವೆಯೆ? ಐದಕ್ಕೂ ಉತ್ತರ ಸರಿಯಾಗಿದ್ದರೆ ಉಳಿದ ಹಣ ಸಂತೋಷದಿಂದ ಕೊಡಿರಿ. ಒಳ್ಳೆಯ ಕೆಲಸಗಾರ ಈ ಕರಾರಿಗೆ ಬೇಸರಪಡುವುದಿಲ್ಲ.

ಈ ಐದು ಸಂಗತಿಗಳನ್ನು ಮನೆಯ ಹೆಣ್ಣುಮಕ್ಕಳ ಮುಂದೆಯೇ ನೋಡಿಸಿರಿ. ದಿನಾ ಆ ನಳ ತಿರುಗಿಸುವವರು ಅವರು. ತಪ್ಪು ಮೊದಲು ಗೊತ್ತಾಗುವುದೂ ಅವರಿಗೇ. ಅವರು "ಯಾಕೋ ಕೈ ಜುಂ ಅಂತದ" ಎಂದರೆ ಅದನ್ನು ಹಗುರವಾಗಿ ಕಾಣದೆ ಆ ಕ್ಷಣವೇ ಸ್ವಿಚ್ಚು ತೆಗೆಯಿರಿ.